ದೀಪದ ಬುಡದ ಕತ್ತಲೆ

ದೀಪದ ಬುಡದಲ್ಲಿ ಕತ್ತಲೆ ಎಂಬುದು ನಮ್ಮ ಹಿರಿಯರ ಮಾತು. ಅಮೆರಿಕದ ಬಫಲೋ ನಗರದಲ್ಲಿ 1901ರಲ್ಲಿ ನಡೆದ ಮಹಾಪ್ರದರ್ಶನದ ವೃತ್ತಾಂತವನ್ನು ಓದಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಸುಮಾರು 40 ಕಿಲೋಮೀಟರ್ ದೂರದ ನಯಾಗರ ಜಲಪಾತದ ಬಲದಿಂದ ಉತ್ಪನ್ನವಾದ ವಿದ್ಯುತ್ತು ಅಲ್ಲಿಗೆ ಹರಿದು ಬಂದಿತ್ತು. ಸಂಜೆಯಾಗುತ್ತಲೇ ಸಾವಿರಾರು ದೀಪಗಳು ಬೆಳಗುತ್ತಿದ್ದವು. ಎತ್ತರವಾದ ವಿದ್ಯುತ್ ಗೋಪುರವು ನೋಡುವವರ ಕಣ್ಮನಗಳನ್ನು ಸೆಳೆಯುತ್ತಿತ್ತು. 1895ರಲ್ಲಿ ರಾಂಟ್ಜನ್ ಕಂಡುಹಿಡಿದಿದ್ದ ಕ್ಷ-ಕಿರಣಗಳ ಯಂತ್ರವೊಂದೂ ಪ್ರದರ್ಶನದಲ್ಲಿತ್ತು.

ಸೆಪ್ಟೆಂಬರ್ 6ರಂದು, ಅಲ್ಲಿ ಜನರ ಕೈಕುಲುಕುತ್ತಿದ್ದ ಅಧ್ಯಕ್ಷ ಮೆಕಿನ್ಲಿಯವರ ಮೇಲೆ ಒಬ್ಬನು ಗುಂಡು ಹಾರಿಸಿದನು. ಪ್ರದರ್ಶನದ ಆವರಣದ ಚಿಕ್ಕ ಆಸ್ಪತ್ರೆಯಲ್ಲಿಯೇ ಶಸ್ತ್ರಚಿಕಿತ್ಸೆ ನಡೆಯಿತು. ಆದರೆ ಅಲ್ಲಿ ಸಾಕಷ್ಟು ಬೆಳಕಿರಲಿಲ್ಲ! ಇಳಿಯುತ್ತಿದ್ದ ಸೂರ್ಯನ ಕಿರಣಗಳನ್ನು ಕನ್ನಡಿಯಿಂದ ಗಾಯದ ಮೇಲೆ ಬೀಳಿಸಿಕೊಂಡು ವೈದ್ಯರು ಕೆಲಸವನ್ನು ಆರಂಭಿಸಬೇಕಾಯಿತು. ಒಳಹೊಕ್ಕ ಗುಂಡು ಸಿಗಲಿಲ್ಲ. ಅದನ್ನು ಹುಡುಕಲು ಕ್ಷ-ಕಿರಣ ಯಂತ್ರವನ್ನು ಬಳಸಲೂ ಇಲ್ಲ. ಸೆಪ್ಟೆಂಬರ್ 14ರಂದು ಅವರು ತೀರಿಕೊಂಡರು.

ಇವೆಲ್ಲ ಒದಗಿದ್ದರೆ ಅವರು ಖಂಡಿತವಾಗಿ ಬದುಕುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಗೋಪುರದ ಅಲಂಕಾರಕ್ಕೆ ದೊರೆತ ಬೆಳಕು ನರಳುವವನ ಮಂಚಕ್ಕೆ ಸಕಾಲದಲ್ಲಿ ದೊರೆಯಲಿಲ್ಲವಲ್ಲ ಎಂಬ ವ್ಯಥೆ ನನ್ನನ್ನು ಬಿಡದು. ಯಂತ್ರವನ್ನು ನಿರ್ಮಿಸುವುದು ಜಾಣ್ಮೆ. ಅದು ಮೊದಲು ಯಾರ ಬಳಿಗೆ ಹೋಗಬೇಕೆಂದು ಅರಿಯುವುದು ವಿವೇಕ. ಪ್ರಗತಿಗೆ ಇವೆರಡೂ ಬೇಕು.