ಪಕ್ಕಾಸು, ರೀಪು ಮತ್ತು ಒಂದು ಕಿಟಕಿ

ಮುಂಬಯಿಯ ಫ್ಲ್ಯಾಟುಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಮನೆಗೊಂದು ಮಾಡು ಇರುತ್ತದೆ ಎಂಬ ನೆನಪೇ ಬರಲಿಕ್ಕಿಲ್ಲ. ನಿಮ್ಮ ತಲೆಯ ಮೇಲಿರುವುದು ಮೇಲಿನ ಮನೆಯವರ ನೆಲ. ನನ್ನ ಮಗನ ಕಥೆಯೂ ಅಷ್ಟೇ. ಡೊಂಬಿವಲಿಯಲ್ಲಿ ಮೂರನೆಯ ಮಹಡಿಯ ಮನೆಯಲ್ಲಿ ಬೆಳೆದವನು ತನ್ನ 29ನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಒಂದು ಮಾಡಿನ ಒಡೆಯನಾದ. ಅದೂ ಎಲ್ಲಿ ಅನ್ನುತ್ತೀರಿ? ಬ್ರಿಟನ್ನಿನ ಉತ್ತರ ವೇಲ್ಸಿನ ಬೆಥೆಸ್ಡಾ ಎಂಬ ಪುಟ್ಟ ಊರಿನಲ್ಲಿ. ಕಳೆದ ವರ್ಷ ಬೇಸಿಗೆಯಲ್ಲಿ ಎರಡು ತಿಂಗಳು ಅವನಲ್ಲಿಗೆ ಹೋಗಿದ್ದೆ. ಕೋಟೆ, ಅರಮನೆ ನೋಡಿ ಬಂದವರ ಲೇಖನಗಳನ್ನು ನೀವು ಬೇಕಾದಷ್ಟು ಓದಿದ್ದೀರಿ. ನಾನು ಹೇಳಹೊರಟಿರುವುದು ಅಟ್ಟಕ್ಕೊಂದು ಕಿಟಕಿ ಇಟ್ಟ ಸಂಗತಿ.

ಮೊದಲು ಊರಿನ ಪರಿಚಯ ಮಾಡಿಕೊಡುತ್ತೇನೆ. ಸ್ನೋಡೋನಿಯಾ ಬೆಟ್ಟಗಳ ಕಾಲಬುಡದಲ್ಲಿ, ಸಾಲು ಮನೆಗಳ ಊರು ಅದು. ಬೆಟ್ಟದ ಪಕ್ಕವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಪೆನ್ರಿನ್ ಎಂಬ ಸ್ಲೇಟು ಕಲ್ಲಿನ ಗಣಿ ಎದುರಿಗೇ ಇದೆ. ನಮ್ಮ ತಲೆಮಾರಿನವರು ಬಳಪ ಹಿಡಿದು ಅ ಆ ಇ ಈ ಬರೆದದ್ದು ಇಂಥದೇ ಕಲ್ಲಿನ ಮೇಲೆ. ಪದರು ಪದರಾಗಿ ಸೀಳುವ ಈ ಕಲ್ಲನ್ನು ತೆಳುವಾಗಿ ಬಿಡಿಸಿ ಮಾಡಿಗೆ ಹೊದಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇದು ಜಗತ್ತಿನ ಅತಿ ದೊಡ್ಡ ಸ್ಲೇಟು ಗಣಿಯಾಗಿತ್ತು. ಗಣಿಯ ಒಡೆಯರ ಮನೆತನಕ್ಕೆ ಹಣ ಬಂದದ್ದು ಜಮೈಕಾದ ಕಬ್ಬಿನ ತೋಟಗಳಿಂದ, ಗುಲಾಮರ ಬೆವರಿನಿಂದ. 1900ರಿಂದ 1903ರವರೆಗೆ ಇಲ್ಲಿನ ಕಾರ್ಮಿಕರು ಮೂರು ವರ್ಷ ಮುಷ್ಕರ ಹೂಡಿದರು. ಆಗ ಮನೆಮನೆಯ ಕಿಟಕಿಯಲ್ಲೂ ‘ಈ ಮನೆಯಲ್ಲಿ ದ್ರೋಹಿಗಳಿಲ್ಲ’ ಎಂದು ವೆಲ್ಷ್ ಭಾಷೆಯಲ್ಲಿ ಚೀಟಿ ಅಂಟಿಸುತ್ತಿದ್ದರಂತೆ. ಕೊನೆಗೆ ಸೋತರು. ಊರೇ ಎರಡಾಗಿ ಒಡೆಯಿತು. 2021ರಲ್ಲಿ ಯುನೆಸ್ಕೋ ಈ ಸ್ಲೇಟು ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಈಗ ನನ್ನ ಗುಟ್ಟೊಂದನ್ನು ಹೇಳುತ್ತೇನೆ. ವಿಮಾನ ಹತ್ತುವಾಗ ನನಗೆ ಹೆದರಿಕೆಯಿತ್ತು. ವಿಮಾನದ ಹೆದರಿಕೆಯಲ್ಲ, ಮಗನ ಹತ್ತಿರ ಎರಡು ತಿಂಗಳು ಏನು ಮಾತಾಡಲಿ ಎಂಬ ಹೆದರಿಕೆ. ವಾರಕ್ಕೊಮ್ಮೆ ಫೋನು ಬರುತ್ತಿತ್ತು. ‘ಊಟ ಆಯ್ತಾ’, ‘ಚಳಿ ಉಂಟಾ’, ಅಲ್ಲಿಗೆ ಮುಗಿಯಿತು. ಅವನ ಕನ್ನಡ ಅಡುಗೆಮನೆ ದಾಟಿರಲಿಲ್ಲ. ಅವನ ಕೆಲಸದ ಇಂಗ್ಲಿಷು ನನ್ನ ಬಿ.ಎ. ಇಂಗ್ಲಿಷಿಗೆ ಎಟುಕುತ್ತಿರಲಿಲ್ಲ.

ಹೋದ ಮೂರನೆಯ ದಿನ ಏಣಿ ಹತ್ತಿಸಿ ಅಟ್ಟ ತೋರಿಸಿದ. ಒಳಗೆ ಕಗ್ಗತ್ತಲೆ. “ಅಮ್ಮ, ಇಲ್ಲಿ ಮಾಡಿಗೆ ಒಂದು ಕಿಟಕಿ ಇಡ್ಬೇಕು ಅಂತ ಇದ್ದೇನೆ. ನೀನು ಒಳಗಿನಿಂದ ಸಹಾಯ ಮಾಡ್ತೀಯಾ?” ಎಂದ. ಟಾರ್ಚು ಹಾಯಿಸಿ ಮೇಲೆ ನೋಡಿದೆ. ಓರೆಯಾಗಿ ಇಳಿದ ಮರದ ತೊಲೆಗಳು, ಅವುಗಳ ಮೇಲೆ ಅಡ್ಡಡ್ಡ ಪಟ್ಟಿಗಳು. “ಇದು ಪಕ್ಕಾಸು, ಅದು ರೀಪು” ಎಂದೆ, ಬಾಯಿಗೆ ತಾನಾಗಿ ಬಂದ ಹಾಗೆ. ಅವನು ಕಣ್ಣರಳಿಸಿದ. ಅವನಿಗೆ ಗೊತ್ತಿದ್ದದ್ದು ರಾಫ್ಟರ್, ಬ್ಯಾಟನ್ ಎಂಬ ಹೆಸರುಗಳು. ಅವನ್ನೂ ಕಲಿತು ತಿಂಗಳಾಗಿರಲಿಲ್ಲ.

ಕುಂದಾಪುರದ ಕಡೆಯ ನನ್ನ ತವರುಮನೆ ಮಂಗಳೂರು ಹೆಂಚಿನದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಇಟ್ಟ ಮೇಲೆ ಕರಾವಳಿಯಲ್ಲೆಲ್ಲ ಅಂಥ ಮನೆಗಳು ಎದ್ದವು. ನಮ್ಮ ಅಟ್ಟದಲ್ಲಿ ಒಂದೇ ಒಂದು ಗಾಜಿನ ಹೆಂಚಿತ್ತು. ಅದರಿಂದ ಬೀಳುವ ಬೆಳಕಿನ ಚೌಕದಲ್ಲಿ ಕೂತು ನಾನು ಬಿ.ಎ.ಗೆ ಓದಿದೆ. ಬಿಸಿಲು ಸರಿದ ಹಾಗೆ ಚಾಪೆ ಸರಿಸಿಕೊಳ್ಳುವುದು. 2016ರಲ್ಲಿ ಪಾಲಾಯಿತು, ಮನೆ ಮಾರಿ ಕೆಡವಿದರು. ಈಗ ಅಲ್ಲಿ ತಾರಸಿ ಮನೆ ಇದೆ. ಗಾಜಿನ ಹೆಂಚು ಏನಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕೆಲಸಕ್ಕೆ ಬರೋಣ. ಅಲ್ಲಿ ಮಾಡಿಗೆ ಕಿಟಕಿ ಇಡಲು ಸಾಮಾನ್ಯವಾಗಿ ಬೇರೆ ಯೋಜನಾ ಪರವಾನಗಿ ಬೇಕಿಲ್ಲ; ಕಿಟಕಿ ಮಾಡಿನ ಮೇಲೆ 150 ಮಿಲಿಮೀಟರಿಗಿಂತ ಹೆಚ್ಚು ಎದ್ದು ನಿಲ್ಲಬಾರದು, ಅಷ್ಟೆ. ಆದರೆ ಕಟ್ಟಡ ನಿಯಮಗಳ ಒಪ್ಪಿಗೆ ಬೇಕು. ಅಟ್ಟದಲ್ಲಿ ಬಾವಲಿಗಳಿದ್ದರೆ ಮುಟ್ಟುವ ಹಾಗಿಲ್ಲ, ಕಾನೂನು ಅವುಗಳನ್ನು ಕಾಯುತ್ತದೆ. ಅಟ್ಟವನ್ನು ಮಲಗುವ ಕೋಣೆ ಮಾಡುವುದಾದರೆ ಮೆಟ್ಟಿಲು, ನೆಲದ ಬಲ, ಬೆಂಕಿಯ ಸುರಕ್ಷತೆ ಎಲ್ಲಕ್ಕೂ ಬೇರೆ ನಿಯಮಗಳಿವೆ. ಮಗನಿಗೆ ಬೇಕಾಗಿದ್ದದ್ದು ಸಾಮಾನಿಡುವ ಅಟ್ಟಕ್ಕೆ ಬೆಳಕು ಮಾತ್ರ.

ಹೆಂಚಿಗೂ ಸ್ಲೇಟಿಗೂ ಇರುವ ವ್ಯತ್ಯಾಸ ನೋಡಿ. ನಮ್ಮ ಹೆಂಚು ರೀಪಿಗೆ ಸುಮ್ಮನೆ ಸಿಕ್ಕಿಕೊಂಡು ಕೂತಿರುತ್ತದೆ. ಮಳೆಗಾಲಕ್ಕೆ ಮುಂಚೆ ಆಳುಗಳು ಮಾಡು ಹತ್ತಿ ಕೈಯಿಂದಲೇ ಎತ್ತಿ, ಒಡೆದದ್ದನ್ನು ಬದಲಿಸುತ್ತಾರೆ. ಅದಕ್ಕೆ ಹೆಂಚು ಕೈಯಾಡಿಸುವುದು ಎನ್ನುತ್ತೇವೆ. ಸ್ಲೇಟಿಗೆ ಮೊಳೆ ಹೊಡೆದಿರುತ್ತಾರೆ, ಆ ಮೊಳೆಗಳ ಮೇಲೆ ಮೇಲಿನ ಸಾಲಿನ ಸ್ಲೇಟು ಕೂತಿರುತ್ತದೆ. ಆದ್ದರಿಂದ ತುದಿಯಲ್ಲಿ ಕೊಕ್ಕೆಯಿರುವ ಉದ್ದನೆಯ ಚಪ್ಪಟೆ ಸಲಾಕೆಯನ್ನು ಸಂದಿಯೊಳಗೆ ತೂರಿಸಿ, ಮೊಳೆ ಕತ್ತರಿಸಿ ಎಳೆಯಬೇಕು. ಸ್ಲೇಟಿನ ಅಳತೆಗಳಿಗೆ ಅವರಿಟ್ಟ ಹೆಸರುಗಳೋ ರಾಜಮನೆತನದವು! 24 ಅಂಗುಲ ಉದ್ದ, 12 ಅಂಗುಲ ಅಗಲದ್ದು ಡಚೆಸ್. 20ಕ್ಕೆ 10ರದ್ದು ಕೌಂಟೆಸ್. 16ಕ್ಕೆ 8ರದ್ದು ಲೇಡಿ. ನಮ್ಮ ಮಾಡಿನಲ್ಲಿದ್ದವರು ಕೌಂಟೆಸ್‌ಗಳು.

ಮನೆಯ ಸುತ್ತ ಅಟ್ಟಣಿಗೆ ಕಟ್ಟಿಸಿದ್ದಾಯಿತು. ಏಣಿಯೊಂದನ್ನೇ ನಂಬಿ ಮಾಡು ಹತ್ತುವ ಸಾಹಸ ನೀವೆಂದೂ ಮಾಡಬೇಡಿ. ಕಿಟಕಿ 55 ಸೆಂಟಿಮೀಟರ್ ಅಗಲ, 78 ಎತ್ತರ. ಪಕ್ಕಾಸುಗಳ ನಡುವಿನ ಜಾಗ ಸಾಲದಾದ್ದರಿಂದ ಒಂದನ್ನು ಕತ್ತರಿಸಿ, ಮೇಲೆ ಕೆಳಗೆ ಅಡ್ಡಮರ ಕೊಟ್ಟು, ಎರಡು ಪಕ್ಕದ ಪಕ್ಕಾಸುಗಳಿಗೆ ಜೋಡಿ ಮರ ಸೇರಿಸಬೇಕಾಯಿತು. ಮನೆಯ ಭಾರ ಹೊರುವ ಮರದ ವಿಚಾರವಾದ್ದರಿಂದ ಅಷ್ಟನ್ನು ಮಾತ್ರ ಬಡಗಿಯಿಂದ ಮಾಡಿಸಿದೆವು. ಉಳಿದದ್ದು ನಮ್ಮದೇ.

ಸ್ಲೇಟಿನ ಪಾಠ ಹೇಳಿಕೊಟ್ಟವರು ಪಕ್ಕದ ಮನೆಯ ಮುದುಕರು. ಅವರ ತಂದೆ ಗಣಿಯಲ್ಲಿ ದುಡಿದವರು. ಒಂದೊಂದೇ ಸ್ಲೇಟನ್ನು ಬೆರಳಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಿದ್ದರು. ಠಣ್ ಎಂದರೆ ಗಟ್ಟಿ, ಸಪ್ಪೆ ಸದ್ದಾದರೆ ಒಳಗೆ ಬಿರುಕು. ಸಂತೆಯಲ್ಲಿ ನಾವು ಮಡಕೆ ತಟ್ಟಿ ನೋಡುವ ಹಾಗೆಯೇ! ನಾನೂ ತಟ್ಟಿ ನಾಲ್ಕು ಒಡಕು ಸ್ಲೇಟು ಬೇರೆ ಮಾಡಿದ ಮೇಲೆ ಅವರಿಗೆ ನನ್ನ ಮೇಲೆ ಗೌರವ ಬಂತು. ಸ್ಲೇಟಿಗೆ ಅವರ ಭಾಷೆಯ ಹೆಸರು ಹೇಳಿಕೊಟ್ಟರು. ಅದರ ಮೊದಲ ಅಕ್ಷರವೇ ನನ್ನ ಬಾಯಿಗೆ ಬರಲಿಲ್ಲ. ನಮ್ಮ ‘ಳ’ ಅವರ ಬಾಯಿಗೆ ಬರಲಿಲ್ಲ. ಸಮಸಮವಾಯಿತು.

ಮಗ ಹೊರಗೆ, ನಾನು ಒಳಗೆ. ರೀಪು ಕೊಯ್ದ ಮೇಲೆ ಚೌಕಟ್ಟನ್ನು ಕೂರಿಸಿದೆವು. ಮೂಲೆಯಿಂದ ಮೂಲೆಗೆ ಎರಡು ಕಡೆಯೂ ಟೇಪು ಹಿಡಿದು ಅಳೆದಾಗ ಒಂದೇ ಅಳತೆ ಬರಬೇಕು. ಬರದಿದ್ದರೆ ಚೌಕಟ್ಟು ಸೊಟ್ಟಗಾಗಿದೆ ಎಂದರ್ಥ. ಆಮೇಲೆ ನೀರು ತಡೆಯುವ ಲೋಹದ ತಗಡುಗಳು. ಮೊದಲು ಕೆಳಗಿನದು, ನಂತರ ಪಕ್ಕದವು, ಪ್ರತಿ ಸಾಲು ಸ್ಲೇಟಿಗೂ ಒಂದೊಂದು, ಕೊನೆಗೆ ಮೇಲಿನದು. ಮೊಳೆ ಹೊಡೆಯಲಾಗದ ಕಡೆ ಸ್ಲೇಟನ್ನು ತಾಮ್ರದ ಪಟ್ಟಿಯಿಂದ ಹಿಡಿಸಬೇಕು. ಎರಡನೆಯ ದಿನ ಸಂಜೆ ಗಾಜಿನ ಬಾಗಿಲು ಕೂತಿತು, ಅಟ್ಟದೊಳಗೆ ಬೆಳಕು ಬಿತ್ತು. ಆ ಬೆಳಕಿನ ಚೌಕ ನೋಡಿ ನನಗೆ ಮಾತು ಹೊರಡಲಿಲ್ಲ.

ನಾಲ್ಕನೆಯ ದಿನ ಮಳೆ ಬಂತು. ಚೌಕಟ್ಟಿನ ಮೇಲ್ತುದಿಯಿಂದ ತೊಟ್ಟಿಕ್ಕತೊಡಗಿತು. ಮಗನ ಮುಖ ಬಾಡಿತು. “ನನ್ನಿಂದ ಆಗುವ ಕೆಲಸ ಅಲ್ಲ ಇದು, ಯಾರನ್ನಾದರೂ ಕರೆಸಬೇಕಿತ್ತು” ಎಂದು ತಲೆ ಮೇಲೆ ಕೈಹೊತ್ತು ಕೂತ. ನಾನು ಬಕೆಟ್ಟು ಇಟ್ಟು, ಟಾರ್ಚು ಹಿಡಿದು ನೀರು ಬರುವ ದಾರಿ ಹುಡುಕಿದೆ. ಸ್ಲೇಟಿನ ಅಡಿಯಲ್ಲಿ ಒಂದು ಹೊದಿಕೆಯ ಹಾಳೆ ಇರುತ್ತದೆ. ಕಿಟಕಿಯ ಮೇಲೆ ಒಂದು ಸಣ್ಣ ದೋಣಿ ಇಟ್ಟು, ಮೇಲಿನಿಂದ ಬರುವ ಹಾಳೆಯ ಅಂಚನ್ನು ಅದರೊಳಕ್ಕೆ ಬಿಡಬೇಕು. ನಾವು ಅವಸರದಲ್ಲಿ ಅಂಚನ್ನು ದೋಣಿಯ ಹಿಂದಕ್ಕೆ ಸಿಕ್ಕಿಸಿದ್ದೆವು. “ಮಗಾ, ಮೇಲಿನದು ಯಾವಾಗಲೂ ಕೆಳಗಿನದರ ಮೇಲೆಯೇ ಬರಬೇಕು. ನಮ್ಮ ಮನೆಯ ಹೆಂಚು ಕೈಯಾಡಿಸುವವರು ಹೇಳುತ್ತಿದ್ದದ್ದು ಅದೊಂದೇ ಮಾತು” ಎಂದೆ. ಮರುದಿನ ಎರಡು ಸಾಲು ಸ್ಲೇಟು ಬಿಚ್ಚಿ ಸರಿಪಡಿಸಿದ. ಆ ರಾತ್ರಿಯ ಮಳೆಗೆ ಬಕೆಟ್ಟು ಒಣಗಿಯೇ ಇತ್ತು.

ಅದಾದ ಮೇಲೆ ಸಂಜೆ ಸಂಜೆ ಅಟ್ಟದಲ್ಲಿ ಚಹಾ ಕುಡಿಯುತ್ತ ಕೂರುತ್ತಿದ್ದೆವು. ಅವನು ಕೇಳುತ್ತ ಹೋದ. ತವರುಮನೆಗೆ ಎಷ್ಟು ಕೋಣೆ, ಮುಚ್ಚಿಗೆ ಅಂದರೇನು, ಗಾಜಿನ ಹೆಂಚು ಯಾವ ಕಡೆಗಿತ್ತು. ಕಾಗದದಲ್ಲಿ ಮನೆಯ ನಕ್ಷೆ ಬರೆಸಿಕೊಂಡ. ಪ್ರತಿ ಭಾಗದ ಹೆಸರನ್ನೂ ತಾನೇ ಕನ್ನಡದಲ್ಲಿ ಬರೆದ. ಒತ್ತಕ್ಷರ ತಪ್ಪಿತ್ತು, ನಾನು ತಿದ್ದಲಿಲ್ಲ. ಇಲ್ಲವಾದ ಮನೆಯನ್ನು ಅವನು ನೋಡಿದ್ದು ಹಾಗೆ.

ಪಕ್ಕದ ಮನೆಯವರ ಮೊಮ್ಮಕ್ಕಳು ಅಂಗಳದಲ್ಲಿ ವೆಲ್ಷ್ ಮಾತಾಡುತ್ತ ಆಡುತ್ತಿದ್ದರು. ಶಾಲೆಯಲ್ಲಿ ಆ ಭಾಷೆ ಆಡಿದ ಮಕ್ಕಳ ಕೊರಳಿಗೆ ಹಲಗೆ ತೂಗುಹಾಕಿ ದಂಡಿಸುತ್ತಿದ್ದ ಕಾಲವೂ ಹತ್ತೊಂಬತ್ತನೆಯ ಶತಮಾನದಲ್ಲಿತ್ತು. 2021ರ ಜನಗಣತಿಯಲ್ಲಿ ವೇಲ್ಸಿನ ನೂರಕ್ಕೆ ಸುಮಾರು 18 ಮಂದಿ ಮಾತ್ರ ವೆಲ್ಷ್ ಬರುತ್ತದೆ ಎಂದಿದ್ದಾರೆ. ಆದರೂ ಅಲ್ಲಿ ರಸ್ತೆಯ ಫಲಕಗಳೆಲ್ಲ ಎರಡು ಭಾಷೆಯಲ್ಲಿವೆ, ಅಜ್ಜ ಮೊಮ್ಮಕ್ಕಳನ್ನು ಬೈಯುವುದೂ ತಮ್ಮ ಭಾಷೆಯಲ್ಲಿಯೇ.

ಈ ಮೇ ತಿಂಗಳಲ್ಲಿ ಊರಿಗೆ ಹೋಗುವವರು ಯಾರಾದರೂ ನಿಮ್ಮಲ್ಲಿದ್ದರೆ ಒಂದು ಮಾತು. ಅಜ್ಜಿಮನೆ ಇನ್ನೂ ಹೆಂಚಿನದಾಗಿಯೇ ಉಳಿದಿದ್ದರೆ ಒಮ್ಮೆ ಅಟ್ಟ ಹತ್ತಿ. ಪಕ್ಕದಲ್ಲಿ ಅಜ್ಜಿಯನ್ನೋ ಮಾವನನ್ನೋ ಕರೆದುಕೊಂಡು, ಮೇಲೆ ಕೈ ತೋರಿಸಿ, ಅದರ ಹೆಸರೇನು, ಇದರ ಹೆಸರೇನು ಎಂದು ಕೇಳಿ. ಅಷ್ಟು ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಕಳೆದ ಚಳಿಗಾಲದಲ್ಲಿ ಅಲ್ಲಿ ದೊಡ್ಡ ಗಾಳಿಮಳೆ ಬಂದ ರಾತ್ರಿ ಮಗನ ಫೋನು ಬಂತು. “ಅಮ್ಮ, ಒಂದು ಹನಿಯೂ ಬಿದ್ದಿಲ್ಲ” ಎಂದ. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದೆವು. ಊಟ ಆಯಿತೇ ಎಂದು ಕೇಳಲು ಇಬ್ಬರಿಗೂ ಮರೆತೇಹೋಯಿತು.