ಲೋಟದೊಳಗೆ ನಾಲ್ಕು ತಾಲ್ಲೂಕು

ವೀಕೆಂಡ್ ಬಂತು ಅಂದ್ರೆ ಬೆಂಗಳೂರಿನ ಐಟಿ ಮಂದಿ ಅರ್ಧಕ್ಕರ್ಧ ನಂದಿ ಬೆಟ್ಟದ ದಾರಿಯಲ್ಲಿರ್ತಾರೆ. ಸೂರ್ಯೋದಯ, ಸೆಲ್ಫಿ, ದಾರಿಯಲ್ಲಿ ತಟ್ಟೆ ಇಡ್ಲಿ, ವಾಪಸ್. ಸಂಜೆ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಒಂದು ಕಾಕ್‌ಟೇಲ್. ಮೆನುವಿನಲ್ಲಿ ಮೆಕ್ಸಿಕೋದ ಹೆಸರು, ಇಟಲಿಯ ಹೆಸರು, ಬಿಲ್ಲು ಮಾತ್ರ ನಮ್ಮೂರಿನದು. ಆದರೆ ಆ ಲೋಟಕ್ಕೆ ಬೇಕಾದ ಹುಳಿ, ಸಿಹಿ, ಒಂಚೂರು ಕಹಿ, ಎಲ್ಲವೂ ಬೆಳಗ್ಗೆ ನಾವು ಕಾರಿನಲ್ಲಿ ದಾಟಿ ಬಂದ ತೋಟಗಳಲ್ಲೇ ಇತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ನಾನು ಓದಿದ್ದು ಇಂಜಿನಿಯರಿಂಗ್, ಮಾಡೋದು ಸಾಫ್ಟ್‌ವೇರ್ ಕೆಲಸ. ಲಾಕ್‌ಡೌನ್ ಸಮಯದಲ್ಲಿ ಮನೆಯಲ್ಲೇ ಕಾಕ್‌ಟೇಲ್ ಬೆರೆಸೋ ಹವ್ಯಾಸ ಹತ್ತಿಕೊಂಡಿತು. ಒಂದು ಶೇಕರ್, ಒಂದು ಅಳತೆ ಲೋಟ, ಒಂದು ಜರಡಿ, ಇಷ್ಟೇ ನನ್ನ ಬಾರ್. ಈಚೆಗೆ ಒಂದು ಪ್ರಶ್ನೆ ತಲೆಗೆ ಹೊಕ್ಕಿತು: ಈ ಲೋಟದಲ್ಲಿ ನಮ್ಮ ಸುತ್ತಮುತ್ತಲಿನದು ಅಂತ ಏನಾದ್ರೂ ಇದೆಯಾ? ಉತ್ತರ ಹುಡುಕಲು ಒಂದು ಶನಿವಾರ ಗೆಳೆಯನ ಜೊತೆ ಹೊರಟೆ. ಅವನು ಕುಡಿಯೋನಲ್ಲ, ಹಾಗಾಗಿ ಸ್ಟೀರಿಂಗ್ ಅವನ ಕೈಯಲ್ಲಿ.

ದಾರಿ ಹುಡುಕೋ ಕಷ್ಟವೇ ಇಲ್ಲ. ದಾಬಸ್‌ಪೇಟೆಯಿಂದ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 648 ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ ಹಾದು ಹೊಸಕೋಟೆಗೆ ಬರುತ್ತೆ. ಬೆಂಗಳೂರು ಗ್ರಾಮಾಂತರದ ನಾಲ್ಕೂ ತಾಲ್ಲೂಕನ್ನು ಒಂದೇ ದಾರದಲ್ಲಿ ಪೋಣಿಸಿದ ಹಾಗೆ.

ನೆಲಮಂಗಲ: ನೀರೊಂದೇ ನಮ್ಮದು

ನೆಲಮಂಗಲ ಅಂದ್ರೆ ನಮಗೆಲ್ಲ ಟೋಲ್ ಗೇಟು, ಲಾರಿಗಳ ಸಾಲು. ಕಿಂಗ್‌ಫಿಷರ್ ತಯಾರಿಸುವ ಯುನೈಟೆಡ್ ಬ್ರೂವರೀಸ್‌ನ ಒಂದು ಕಾರ್ಖಾನೆ ಇರೋದೂ ಇಲ್ಲೇ. ಕಂಪನಿಯ ಕಥೆ ಉದ್ದ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಕೆಲವು ಬ್ರೂವರಿಗಳನ್ನು ಒಟ್ಟುಗೂಡಿಸಿ ಶುರು ಮಾಡಿದ್ದು. ಸ್ವಾತಂತ್ರ್ಯದ ಹೊತ್ತಿಗೆ ವಿಠಲ್ ಮಲ್ಯ ಕೈಗೆ ಬಂತು. 2021ರಿಂದ ಹೈನಕೆನ್ ಹಿಡಿತದಲ್ಲಿದೆ.

ಬಿಯರ್‌ಗೆ ಬೇಕಾಗೋದು ನಾಲ್ಕೇ ವಸ್ತು: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಹೂವು, ಯೀಸ್ಟ್, ನೀರು. ನಮ್ಮ ದೇಶದ ಬಾರ್ಲಿ ಹೆಚ್ಚಾಗಿ ರಾಜಸ್ಥಾನದ ಕಡೆಯದು. ಕಹಿ ಕೊಡುವ ಹಾಪ್ಸ್ ಬಹುಪಾಲು ವಿದೇಶದ್ದು. ಅಲ್ಲಿಗೆ ಈ ನೆಲದ್ದು ಅಂತ ಉಳಿಯೋದು ನೀರು ಮಾತ್ರ. ಬಾಟಲಿಯಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ಇರೋದು ಅದೇ ಅನ್ನೋದು ಬೇರೆ ಮಾತು. ಬೋರ್‌ವೆಲ್ ಸಾವಿರ ಅಡಿ ಮುಟ್ಟಿರೋ ಸೀಮೆಯಲ್ಲಿ ಇದನ್ನು ನೆನಪಿಟ್ಟುಕೊಂಡು ಕುಡಿಯೋದು ಒಳ್ಳೇದು. ಹೊರಗಿಂದ ನೋಡಿ, ಒಂದು ಟೀ ಕುಡಿದು ಮುಂದೆ ಹೊರಟೆವು.

ದೊಡ್ಡಬಳ್ಳಾಪುರ: ಎರಡು ದ್ರಾಕ್ಷಿ

ದೊಡ್ಡಬಳ್ಳಾಪುರ ದಾಟುತ್ತಿದ್ದಂತೆ ಕಲ್ಲುಕಂಬಗಳ ಮೇಲೆ ತಂತಿ ಎಳೆದು ಹಬ್ಬಿಸಿದ ದ್ರಾಕ್ಷಿ ಚಪ್ಪರಗಳು ಕಾಣತೊಡಗುತ್ತವೆ. ಇದು ಬೆಂಗಳೂರು ಬ್ಲೂ. ಚಿಕ್ಕವರಿದ್ದಾಗ ತಳ್ಳುಗಾಡಿಯಲ್ಲಿ ಕಂಡ ಅದೇ ಕಡುನೀಲಿ ದ್ರಾಕ್ಷಿ. ಸಿಪ್ಪೆ ದಪ್ಪ, ಬೀಜ ಜಾಸ್ತಿ, ಒಂದು ಕೆ.ಜಿ. ತಂದಿಟ್ಟರೆ ಮನೆ ತುಂಬಾ ಘಮ. ಈ ಸುತ್ತಿನಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುತ್ತೆ, ಭೌಗೋಳಿಕ ಸೂಚಿಕೆ ಅಂದ್ರೆ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೂ ಸೂಪರ್ ಮಾರ್ಕೆಟ್‌ನಲ್ಲಿ ಬೀಜವಿಲ್ಲದ ಹಸಿರು ದ್ರಾಕ್ಷಿಯ ಪಕ್ಕ ಇದಕ್ಕೆ ಜಾಗ ಕಡಿಮೆ.

ಸ್ವಲ್ಪ ಮುಂದೆ, ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ ಗ್ರೋವರ್ ಜಂಪಾ ವೈನರಿ. ಕನ್ವಲ್ ಗ್ರೋವರ್ ಅವರು ನಂದಿಯ ತಪ್ಪಲಿನ ಈ ಸೀಮೆಯಲ್ಲಿ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನೆಡಲು ಶುರು ಮಾಡಿದ್ದು 1988ರಲ್ಲಿ. ಆಗ ನಮ್ಮಲ್ಲಿ ವೈನ್ ಅಂದ್ರೆ ಕ್ರಿಸ್‌ಮಸ್‌ಗೆ ಮಾಡೋ ಸಿಹಿ ಪಾನೀಯ ಅಷ್ಟೇ. ಇಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ, ರಾತ್ರಿ ತಂಪು. ಆ ಏರಿಳಿತ ದ್ರಾಕ್ಷಿಗೆ ಹಿಡಿಸುತ್ತೆ. ಮೊದಲೇ ಬುಕ್ ಮಾಡಿ ಹೋದರೆ ತೋಟ, ಸ್ಟೀಲ್ ಟ್ಯಾಂಕು, ಓಕ್ ಪೀಪಾಯಿ ಎಲ್ಲ ತೋರಿಸಿ, ಕೊನೆಗೆ ಚಿಕ್ಕ ಚಿಕ್ಕ ಗ್ಲಾಸಿನಲ್ಲಿ ರುಚಿ ನೋಡಿಸ್ತಾರೆ. ಮೊದಲು ಬಿಳಿ, ಆಮೇಲೆ ಕೆಂಪು. ನುಂಗಲೇಬೇಕು ಅಂತೇನಿಲ್ಲ, ಉಗಿಯಲು ಪಾತ್ರೆ ಕೇಳಿದರೆ ಯಾರೂ ನಗಲ್ಲ.

ವೈನಿಗಿಂತ ನನಗೆ ಬೇಕಾಗಿದ್ದದ್ದು ಬೆಂಗಳೂರು ಬ್ಲೂ. ಅದು ಕಾಕ್‌ಟೇಲ್‌ಗೆ ಹೇಳಿ ಮಾಡಿಸಿದ ಹಣ್ಣು. ಹುಳಿ, ಸಿಹಿ, ಬಣ್ಣ ಮೂರೂ ಇದೆ. ರಸ್ತೆ ಬದಿಯಲ್ಲೇ ಎರಡು ಕೆ.ಜಿ. ತಗೊಂಡೆ.

ದೇವನಹಳ್ಳಿ: ಚಕ್ಕೋತ

ದೇವನಹಳ್ಳಿ ಅಂದ್ರೆ ಈಗ ಏರ್‌ಪೋರ್ಟ್. 2008ರ ಮೇ ತಿಂಗಳಿಗೆ ಮುಂಚೆ ದೇವನಹಳ್ಳಿ ಅಂದ್ರೆ ಕೋಟೆ, ಟಿಪ್ಪು ಹುಟ್ಟಿದ ಊರು, ಮತ್ತೆ ಚಕ್ಕೋತ. ತೆಂಗಿನಕಾಯಿ ಗಾತ್ರದ ಹಣ್ಣು, ಬೆರಳು ದಪ್ಪದ ಸಿಪ್ಪೆ, ಒಳಗೆ ಗುಲಾಬಿ ತೊಳೆ. ಇದಕ್ಕೂ ಜಿಐ ಮಾನ್ಯತೆ ಇದೆ.

ಕಾಕ್‌ಟೇಲ್ ಪುಸ್ತಕಗಳಲ್ಲಿ ಗ್ರೇಪ್‌ಫ್ರೂಟ್ ಅಂತ ಓದಿ, ಆಮದು ಮಾಡಿದ ಹಣ್ಣಿಗೆ ದುಡ್ಡು ಸುರಿಯೋರಿಗೆ ಒಂದು ಸಮಾಚಾರ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಜಾತಿಯ ಹಣ್ಣಿನ ಸಂಕರದಿಂದ, ಅದೂ ಕೆರಿಬಿಯನ್ ದ್ವೀಪಗಳಲ್ಲಿ. ಅಂದ್ರೆ ಚಕ್ಕೋತ ಅದಕ್ಕೆ ಹೆತ್ತ ತಾಯಿ. ಮಗಳಿಗೆ ಕಹಿ ಜಾಸ್ತಿ, ತಾಯಿಗೆ ಕಡಿಮೆ. ಪಲೋಮಾ, ಸಾಲ್ಟಿ ಡಾಗ್ ಥರದ ಡ್ರಿಂಕ್‌ಗಳಿಗೆ ಚಕ್ಕೋತ ಹಾಕಿ ನೋಡಿ, ಗೊತ್ತಾಗುತ್ತೆ.

ಪರಿಚಯದವರೊಬ್ಬರು ಹೇಳಿದ ಒಂದು ತೋಟಕ್ಕೆ ಹೋದೆವು. ಮೊದಲು ನಲವತ್ತು ಮರ ಇತ್ತಂತೆ, ಈಗ ಹನ್ನೊಂದು. ತೋಟದ ಯಜಮಾನ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. "ಮರ ಹಣ್ಣು ಬಿಡೋಕೆ ವರ್ಷಗಟ್ಟಲೆ ಬೇಕು ಸಾರ್. ಕೀಳೋಕೆ ಜೆಸಿಬಿಗೆ ಅರ್ಧ ಗಂಟೆ ಸಾಕು. ವಾರಕ್ಕೊಬ್ಬ ಬ್ರೋಕರ್ ಬತ್ತಾನೆ," ಅಂದರು. ಅವರೇ ಹತ್ತು ಹಣ್ಣು ಕೊಯ್ದು ಚೀಲಕ್ಕೆ ಹಾಕುವಾಗ ಜಗಲಿ ಮೇಲೆ ಕೂತಿದ್ದ ಅವರ ಅಜ್ಜಿ ಕೇಳಿದರು.

"ಇಷ್ಟೊಂದು ಹಣ್ಣು ಏನ್ ಮಾಡ್ತೀಯ ಮಗ?"

"ಜ್ಯೂಸ್ ಮಾಡ್ತೀನಿ ಅಜ್ಜಿ," ಅಂದೆ. ಗೆಳೆಯ ಸುಮ್ಮನಿರಬೇಕಲ್ಲ. "ಜಿನ್ನಿಗೆ ಹಾಕ್ಕೊಂಡು ಕುಡೀತಾನೆ ಅಜ್ಜಿ," ಅಂದುಬಿಟ್ಟ.

"ಎಣ್ಣೆಗಾ?" ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ ಯಜಮಾನ್ರೂ ಕುಡೀತಿದ್ರು. ಪ್ಯಾಕೆಟ್ಟು. ಹಣ್ಣೂ ಇಲ್ಲ, ಲೋಟಾನೂ ಇಲ್ಲ. ಹಲ್ಲಲ್ಲಿ ಕಚ್ಚಿ ಹರಿದು ಹಂಗೇ ಬಾಯಿಗೆ. ಎರಡೆಕ್ರೆ ಅದ್ರಲ್ಲೇ ಹೋಯ್ತು, ಆಮ್ಯಾಕೆ ಅವ್ರೂ ಹೋದ್ರು," ಅಂದರು.

ಏನು ಹೇಳೋದು ಅಂತ ತಿಳಿಯದೆ ನಿಂತಿದ್ದೆ. ಅವರೇ ಮತ್ತೆ ಕೇಳಿದರು. "ದಿನಾ ಕುಡೀತೀಯಾ?"

"ಇಲ್ಲಜ್ಜಿ. ವಾರಕ್ಕೊಂದ್ಸಲ. ಎರಡೇ."

"ಎಣಿಸ್ಕೊಂಡು?"

"ಅಳತೆ ಮಾಡ್ಕೊಂಡೇ ಅಜ್ಜಿ."

"ಎಣಿಸೋದು ಮರೆತ ದಿನ ಬಿಟ್ಬಿಡು," ಅಂದು, ಚೀಲಕ್ಕೆ ಇನ್ನೊಂದು ಹಣ್ಣು ಹಾಕಿಸಿದರು. ಆ ಹನ್ನೊಂದನೆಯದಕ್ಕೆ ಮಾತ್ರ ದುಡ್ಡು ತಗೊಳ್ಳಲಿಲ್ಲ.

ಕಾರಲ್ಲಿ ಕೂತ ಮೇಲೂ ಆ ಮಾತು ಬಿಡಲಿಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಗಿದ್ದು 2007ರ ಜುಲೈ 1ರಂದು. ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದಿದ್ದೂ ಅದೇ 2007ರಲ್ಲಿ. ಒಂದೇ ವರ್ಷದಲ್ಲಿ ಪ್ಯಾಕೆಟ್‌ಗೆ ಬಾಗಿಲು ಹಾಕಿತು, ಗ್ಲಾಸಿಗೆ ಬಾಗಿಲು ತೆರೆಯಿತು. ಎರಡಕ್ಕೂ ಕಾರಣಗಳಿದ್ದವು, ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ನಾವು ಹವ್ಯಾಸ ಅಂತ ಕರೆಯೋದಕ್ಕೆ ಈ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಬೇರೆ ಹೆಸರಿದೆ. ಅಲ್ಲಿಂದ ಹಣ್ಣು ತರೋನಿಗೆ ಇದು ಗೊತ್ತಿರಬೇಕು.

ಜಮೀನಿನ ಮಾತು

ದೇವನಹಳ್ಳಿಯಿಂದ ಹೊಸಕೋಟೆ ಕಡೆ ತಿರುಗಿದರೆ ಚನ್ನರಾಯಪಟ್ಟಣ ಹೋಬಳಿ ಹತ್ತಿರವೇ. ಏರೋಸ್ಪೇಸ್ ಪಾರ್ಕ್‌ಗಾಗಿ ಇಲ್ಲಿನ 13 ಹಳ್ಳಿಗಳ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಮುಂದಾಗಿತ್ತು. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಘೋಷಿಸಿತು. ಅದೇ ತಿಂಗಳ ಆರಂಭದಲ್ಲಿ ನಂದಿ ಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ಈ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೆಸರಿಡಲು ಒಪ್ಪಿತ್ತು. ಹೆಸರಿನಿಂದ ಗ್ರಾಮಾಂತರ ಹೋದರೆ ಹೋಗಲಿ, ಮರಗಳು ಉಳಿದರೆ ಸಾಕು.

ತೋಟ ಉಳಿಸೋದು ಧರಣಿಯೊಂದೇ ಅಲ್ಲ, ಗಿರಾಕಿಯೂ ಬೇಕು. ಹನ್ನೊಂದು ಮರದ ಹಣ್ಣಿಗೆ ಖಾತ್ರಿ ಗಿರಾಕಿ ಇದ್ದರೆ ಬ್ರೋಕರ್‌ಗೆ ಇಲ್ಲ ಅನ್ನೋದು ಸ್ವಲ್ಪ ಸುಲಭ. ಆ ತೋಟದ ಯಜಮಾನರ ನಂಬರ್ ಈಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿದೆ. ಹೋದ ಸಲ ಒಂದು ಆಟೋ ತುಂಬ ಹಣ್ಣು ಬಂತು. ತಗೊಂಡವರಲ್ಲಿ ಮುಕ್ಕಾಲು ಪಾಲು ಕುಡಿಯೋರೇ ಅಲ್ಲ.

ಹೊಸಕೋಟೆ ದಾರಿ: ಬಿಯರ್ ರುಚಿ ನೋಡೋದು ಹೇಗೆ

ಹೊಸಕೋಟೆ ಬಿರಿಯಾನಿ ಬೆಳಗಿನ ಜಾವದ ಬಾಬತ್ತು, ನಾವು ತಲುಪಿದ್ದು ಸಂಜೆ. ಅಲ್ಲಿಂದ ಹಳೇ ಮದ್ರಾಸ್ ರಸ್ತೆಯಲ್ಲಿ ಬೆಂಗಳೂರಿಗೆ ವಾಪಸಾಗುವಾಗ ನಿಂಬೇಕಾಯಿಪುರದಲ್ಲಿ ಗೀಸ್ಟ್ ಬ್ರೂವಿಂಗ್ ಫ್ಯಾಕ್ಟರಿ ಸಿಗುತ್ತೆ. ಜಿಲ್ಲೆಯ ಗಡಿ ಅಷ್ಟೊತ್ತಿಗೆ ದಾಟಿರುತ್ತೆ. ಗಡಿಯಾಚೆ ಈಚೆ ಯಾವ ಬ್ರೂವರಿಗೇ ಹೋದರೂ ಮೊದಲ ಸಲ ಪೂರ್ತಿ ಮಗ್ ಆರ್ಡರ್ ಮಾಡಬೇಡಿ. ಚಿಕ್ಕ ಗ್ಲಾಸುಗಳ ಸ್ಯಾಂಪ್ಲರ್ ಕೇಳಿ.

ತಿಳಿ ಬಣ್ಣದಿಂದ ಕಡುಬಣ್ಣಕ್ಕೆ ಹೋಗಿ. ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತೆ. ಅವೆರಡನ್ನೂ ಯಾರೂ ಹಾಕಿರೋದಿಲ್ಲ, ಅದು ಯೀಸ್ಟ್ ಕೆಲಸ. ಬೆಲ್ಜಿಯಂ ಶೈಲಿಯ ವಿಟ್‌ಗೆ ಮಾತ್ರ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಲೂ ಹಾಕ್ತಾರೆ. ಸ್ಟೌಟ್‌ನ ಕಾಫಿ ರುಚಿ ಹುರಿದ ಬಾರ್ಲಿಯದು, ನಮ್ಮ ಹುರಿಹಿಟ್ಟಿನ ಹಾಗೆ. ಕಹಿಯಾದ ಐಪಿಎ ಕೊನೆಗೆ. ಮೊದಲೇ ಕುಡಿದರೆ ಉಳಿದದ್ದೆಲ್ಲ ನೀರು ಅನ್ನಿಸುತ್ತೆ.

ಅಜ್ಜಿಯ ಲೆಕ್ಕ

ಎಣಿಸೋದು ಹೇಗೆ? ಸುಲಭ. 650 ಎಂ.ಎಲ್. ಬಾಟಲಿಯಲ್ಲಿ ಶೇಕಡಾ 5 ಇದ್ದರೆ ಶುದ್ಧ ಆಲ್ಕೋಹಾಲ್ 32.5 ಎಂ.ಎಲ್. ಶೇಕಡಾ 8ರ ಸ್ಟ್ರಾಂಗ್ ಬಿಯರ್ ಆದರೆ 52. ಶೇಕಡಾ 42.8ರ ವಿಸ್ಕಿಯ 60 ಎಂ.ಎಲ್. ಪೆಗ್‌ನಲ್ಲಿ ಸುಮಾರು 25.7. ಅಂದ್ರೆ "ಬಿಯರ್ ತಾನೇ" ಅಂತ ಮುಗಿಸಿದ ಒಂದು ಸ್ಟ್ರಾಂಗ್ ಬಾಟಲಿ ಎರಡು ಲಾರ್ಜ್ ಪೆಗ್‌ಗೆ ಸಮ. ಗಾಡಿ ಓಡಿಸೋರಿಗೆ ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಆ ಮಿತಿಯ ಹತ್ತಿರ ಹೋಗೋ ಬದಲು ನನ್ನ ಗೆಳೆಯನಂಥ ಒಬ್ಬ ಗೆಳೆಯನನ್ನು ಹುಡುಕಿಕೊಳ್ಳಿ. ಇನ್ನೊಂದು ಮಾತು: ಅಂಗಡಿಯಿಂದ ತಂದಿದ್ದನ್ನು ಮನೆಯಲ್ಲಿ ಬೆರೆಸಬಹುದು. ಲೈಸೆನ್ಸ್ ಇಲ್ಲದೆ ಮನೆಯಲ್ಲೇ ಹುಳಿಯಿಸಿ ಬಿಯರ್, ವೈನ್ ತಯಾರಿಸೋದು ಅಬಕಾರಿ ಕಾನೂನಿನ ಪ್ರಕಾರ ಅಪರಾಧ.

ಮನೆಗೆ ತಂದಿದ್ದು

ದೇವನಹಳ್ಳಿ ಚಕ್ಕೋತ: ತೊಳೆಯ ಬಿಳಿ ಪೊರೆ ಪೂರ್ತಿ ಬಿಡಿಸಿ, ಬಟ್ಟೆಯಲ್ಲಿ ಕೈಯಿಂದ ಹಿಂಡಿ. ಮಿಕ್ಸಿಗೆ ಹಾಕಿದರೆ ಕಹಿ ಬಿಡುತ್ತೆ. 45 ಎಂ.ಎಲ್. ಜಿನ್, 90 ಎಂ.ಎಲ್. ರಸ, 10 ಎಂ.ಎಲ್. ನಿಂಬೆರಸ, 10 ಎಂ.ಎಲ್. ಸಕ್ಕರೆ ಪಾಕ. ಐಸ್ ಹಾಕಿ ಹತ್ತು ಹದಿನೈದು ಸೆಕೆಂಡ್ ಕುಲುಕಿ. ಗ್ಲಾಸಿನ ಅಂಚಿಗೆ ಉಪ್ಪು, ಒಂಚೂರು ಅಚ್ಚಖಾರದ ಪುಡಿ. ಕೊಲೆಸ್ಟ್ರಾಲ್, ಬಿಪಿ ಮಾತ್ರೆ ತಗೊಳ್ಳೋರು ಮಾತ್ರ ಡಾಕ್ಟರನ್ನು ಕೇಳಿ. ಗ್ರೇಪ್‌ಫ್ರೂಟ್ ಥರ ಚಕ್ಕೋತವೂ ಕೆಲವು ಔಷಧಿಗಳ ಜೊತೆ ಹೊಂದಲ್ಲ.

ಬೆಂಗಳೂರು ಬ್ಲೂ ಸೋಡಾ: ಕಾಲು ಕೆ.ಜಿ. ದ್ರಾಕ್ಷಿ, 100 ಗ್ರಾಂ ಸಕ್ಕರೆ, ಅರ್ಧ ಲೋಟ ನೀರು. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಕಿವುಚಿ, ಸೋಸಿ ಫ್ರಿಜ್‌ನಲ್ಲಿಡಿ. 30 ಎಂ.ಎಲ್. ಪಾಕಕ್ಕೆ ಅರ್ಧ ನಿಂಬೆಹಣ್ಣು, ಚಿಟಿಕೆ ಕಾಳುಮೆಣಸು, ಸೋಡಾ. ಇದಕ್ಕೆ ಮದ್ಯ ಬೇಕಾಗಿಯೇ ಇಲ್ಲ. ನಮ್ಮಮ್ಮ ನನ್ನ ಶೇಕರ್ ಕಂಡರೆ ಮುಖ ತಿರುಗಿಸೋರು, ಈ ಸೋಡಾಗೆ ಮಾತ್ರ ಎರಡನೇ ಲೋಟ ಕೇಳ್ತಾರೆ.

ಕುಡಿಯದೇ ಇರೋರು ಈ ಲೇಖನ ಓದಿ ಶುರು ಮಾಡೋ ಅಗತ್ಯ ಖಂಡಿತ ಇಲ್ಲ. ಮುಂದಿನ ಸಲ ನಂದಿಗೆ ಹೋದಾಗ ದೇವನಹಳ್ಳಿಯಲ್ಲಿ ಗಾಡಿ ನಿಲ್ಲಿಸಿ ಎರಡು ಚಕ್ಕೋತ ತಗೊಂಡರೆ ಸಾಕು. ಚೌಕಾಸಿ ಬೇಡ. ನಿಮ್ಮೂರಲ್ಲೂ ಹೀಗೆ ಮರೆತುಹೋಗ್ತಿರೋ ಹಣ್ಣು ಇದ್ದರೆ ಬರೆದು ತಿಳಿಸಿ, ಮುಂದಿನ ಶನಿವಾರ ನಮ್ಮ ಡ್ರೈವರ್ ಸಾಹೇಬರು ಖಾಲಿ ಇದ್ದಾರೆ.