ದಮ್ಮಿನ ಲೆಕ್ಕ

ಕೃಷ್ಣಾ, ತುಂಗಭದ್ರೆಗಳ ನಡುವಿನ ನಡಿಗಡ್ಡ ಸೀಮೆಯಲ್ಲಿ, ಗದ್ವಾಲಿನಿಂದ ವಡ್ಡೆಪಲ್ಲಿಯವರೆಗೆ, ದಮ್ಮು ಹತ್ತಿದವರ ಮುಂದೆ ಮೂರು ದಾರಿಗಳಿವೆ. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ, ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಮನೆತನದವರು ಕೊಡುವ ಜೀವಂತ ಮೀನು ನುಂಗಬಹುದು. ಊರಿನ ಆರ್‌ಎಂಪಿ (ಪದವಿಯಿಲ್ಲದ ವೈದ್ಯ) ಹತ್ತಿರ ಸೂಜಿ ಹಾಕಿಸಿಕೊಳ್ಳಬಹುದು. ಇಲ್ಲವೇ ಪೇಟೆಯ ಡಾಕ್ಟರು ಬರೆದ ಪಂಪನ್ನು (ಇನ್‌ಹೇಲರ್) ದಿನಾ ಎಳೆಯಬಹುದು. ಮೊದಲ ಎರಡಕ್ಕೆ ಯಾರೂ ಹಿಂದೆಮುಂದೆ ನೋಡುವುದಿಲ್ಲ; ಪಂಪಿನ ಮಾತು ಬಂದರೆ ಮಾತ್ರ "ಅದು ಸ್ಟೆರಾಯ್ಡ್ ಅಲ್ಲೇನ್ರಿ, ಒಮ್ಮೆ ಹಚ್ಚಿಕೊಂಡ್ರ ಬಿಡಂಗಿಲ್ಲ" ಎನ್ನುತ್ತಾರೆ. ಅಂಥ ಸೂಜಿಯಲ್ಲಿ ಹೆಚ್ಚಾಗಿ ಇರುವುದೂ ಡೆಕ್ಸಾ, ಅಂದರೆ ಸ್ಟೆರಾಯ್ಡೇ. ಸ್ಟೆರಾಯ್ಡಿಗೆ ಹೆದರಿ ಪಂಪು ಬಿಟ್ಟವರ ಮೈಗೇ ಕೊನೆಗೆ ಹೆಚ್ಚು ಸ್ಟೆರಾಯ್ಡ್ ಸೇರುತ್ತದೆ ಎಂಬುದು ನನ್ನ ವಾದ.

ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅಡ್ರಿನಲ್ ಗ್ರಂಥಿಯ ಕಾರ್ಟಿಸೋನ್ ಎಂಬ ಸ್ಟೆರಾಯ್ಡನ್ನು ಅಮೆರಿಕದ ಫಿಲಿಪ್ ಹೆಂಚ್ 1948ರಲ್ಲಿ ಕೀಲುವಾತದ ರೋಗಿಗೆ ಕೊಟ್ಟರು. ನಡೆಯಲಾರದ ಆಕೆ ಕೆಲವೇ ದಿನಗಳಲ್ಲಿ ನಡೆದಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು, ಔಷಧ ಆಸ್ತಮಾಕ್ಕೂ ದಾಟಿತು. ಉಬ್ಬಸ ಇಳಿಯಿತು ನಿಜ. ಆದರೆ ವರ್ಷಗಟ್ಟಲೆ ಗುಳಿಗೆ ನುಂಗಿದವರ ಮುಖ ಊದಿತು, ಸಕ್ಕರೆ ಏರಿತು, ಮೂಳೆ ಸವೆಯಿತು. ಹೊರಗಿನಿಂದ ಸಿಗುವುದನ್ನು ಕಂಡು ಗ್ರಂಥಿ ತನ್ನ ಕೆಲಸ ನಿಲ್ಲಿಸುವುದರಿಂದ ಗುಳಿಗೆಯನ್ನು ಥಟ್ಟನೆ ಬಿಡುವಂತೆಯೂ ಇರಲಿಲ್ಲ. 'ಬಿಡಂಗಿಲ್ಲ' ಎಂಬ ಮಾತಿನ ಬೇರು ಇಲ್ಲಿದೆ. 1972ರಲ್ಲಿ ಇಂಗ್ಲೆಂಡಿನ ಹ್ಯಾರಿ ಮಾರೊ ಬ್ರೌನ್ ಮತ್ತು ಸಂಗಡಿಗರು ಬೆಕ್ಲೊಮೆಥಾಸೋನನ್ನು ಉಸಿರಿನ ಜೊತೆ ಎಳೆಸಿ ನೋಡಿದರು. ಗುಳಿಗೆಗೆ ಕಟ್ಟುಬಿದ್ದಿದ್ದ ಹಲವರು ಅದನ್ನು ಬಿಡುವಂತಾಯಿತು. ಔಷಧದ ಜಾತಿ ಅದೇ. ಹೋಗುವ ದಾರಿ ಬದಲಾಗಿತ್ತು, ಪ್ರಮಾಣವೂ ಇಳಿದಿತ್ತು.

ಎಷ್ಟು ಇಳಿಯಿತು? ಬುಡೆಸೊನೈಡ್ ಪಂಪನ್ನು ದಿನಕ್ಕೆ 400 ಮೈಕ್ರೋಗ್ರಾಂನಂತೆ ವರ್ಷವಿಡೀ ಎಳೆದರೆ ಒಟ್ಟು 146 ಮಿಲಿಗ್ರಾಂ. ಉಬ್ಬಸ ಕೆರಳಿದಾಗ ಕೊಡುವ ಪ್ರೆಡ್ನಿಸೊಲೋನ್ ಗುಳಿಗೆ ದಿನಕ್ಕೆ 40 ಮಿಲಿಗ್ರಾಂನಂತೆ ಐದೇ ದಿನಕ್ಕೆ 200. ಮೈಕ್ರೋಗ್ರಾಂಗೆ ಮೈಕ್ರೋಗ್ರಾಂ ಬುಡೆಸೊನೈಡ್ ಬಲು ಜೋರು, ಬರೀ ತೂಕ ಹೋಲಿಸಿದರೆ ಮೋಸವಾದೀತು ಎಂದು ಯಾರಾದರೂ ಕೇಳಿದರೆ, ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದರಲ್ಲಿ ಗಂಟಲಿಗಿಳಿದು ಹೊಟ್ಟೆ ಸೇರುವ ಪಾಲಿನ ಸುಮಾರು 90%ನ್ನು ಯಕೃತ್ತು ರಕ್ತಕ್ಕೆ ಬಿಡುವ ಮೊದಲೇ ಮುರಿದುಹಾಕುತ್ತದೆ. ಪ್ರೆಡ್ನಿಸೊಲೋನಿಗೆ ಅಂಥ ತಡೆಯಿಲ್ಲ. ಹಾಗೆಂದು ಗುಳಿಗೆ, ಸೂಜಿಗಳನ್ನು ನಾನು ಹಳಿಯುತ್ತಿಲ್ಲ. ಉಸಿರು ಕಟ್ಟಿದ ರಾತ್ರಿ ಅವು ಜೀವ ಉಳಿಸುತ್ತವೆ. ಆ ರಾತ್ರಿ ತಿಂಗಳಿಗೊಮ್ಮೆ ಬರುತ್ತಿದ್ದರೆ, ಅದನ್ನು ತಡೆಯುವ ಪಂಪನ್ನು ಯಾರೋ ಅಟ್ಟದ ಮೇಲೆ ಇಟ್ಟಿದ್ದಾರೆಂದೇ ಅರ್ಥ.

ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ದಿನಾ 400 ಮೈಕ್ರೋಗ್ರಾಂ ಬುಡೆಸೊನೈಡ್ ಪಡೆದ ಮಕ್ಕಳನ್ನು ದೊಡ್ಡವರಾಗುವವರೆಗೆ ಅಳೆದ ಅಮೆರಿಕದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎತ್ತರದ ಕೊರತೆ ಸರಾಸರಿ 1.2 ಸೆಂಟಿಮೀಟರ್. ಇನ್ನೊಂದು ತಕ್ಕಡಿಗೆ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ದಾಖಲೆಗಳನ್ನಿಡಬೇಕು: 2000ದಲ್ಲಿ ಬಂದ ಆ ಲೆಕ್ಕದಂತೆ, ವರ್ಷದಲ್ಲಿ ಬಳಸಿದ ಪ್ರತಿ ಹೆಚ್ಚುವರಿ ಸ್ಟೆರಾಯ್ಡ್ ಪಂಪಿನ ಡಬ್ಬಿಗೆ ಆಸ್ತಮಾದಿಂದ ಸಾಯುವ ಪ್ರಮಾಣ 21% ಇಳಿಯಿತು. ಬಾಯಲ್ಲಿ ಬಿಳಿ ಅಗ್ರ ಬರುತ್ತದೆಂಬುದೂ ನಿಜ, ಎಳೆದ ಮೇಲೆ ಬಾಯಿ ಮುಕ್ಕಳಿಸಿದರೆ ಬಹುಮಟ್ಟಿಗೆ ತಪ್ಪುತ್ತದೆ. ಪಂಪು ನಿಲ್ಲಿಸಿದರೆ ದಮ್ಮು ಮರಳುವುದು ಚಟದಿಂದಲ್ಲ, ಶ್ವಾಸನಾಳದ ಉರಿಯೂತ ಅಲ್ಲೇ ಇರುವುದರಿಂದ.

ಮೀನಿನ ಬಗ್ಗೆ ನನಗೆ ಕುಹಕವಿಲ್ಲ. 1845ರಿಂದ ನಡೆದು ಬಂತೆಂದು ಹೇಳುವ, ಕಾಸು ಕೇಳದ ಪದ್ಧತಿ ಅದು. ಆದರೆ ಆಸ್ತಮಾ ತಾನಾಗಿಯೇ ಏರಿಳಿಯುವ ಕಾಯಿಲೆ. ಇಳಿದಾಗ ಪುಣ್ಯ ಮೀನಿಗೆ ಹೋಗುತ್ತದೆ, ಏರಿದಾಗ ದೋಷ ಪಥ್ಯ ಕೆಡಿಸಿದವನಿಗೆ. ನುಂಗುವವರು ನುಂಗಲಿ, ಪಂಪು ಬಿಡದಿದ್ದರೆ ಸಾಕು.

ನನಗೆ ಉತ್ತರ ಹೊಳೆಯದ ಆಕ್ಷೇಪಣೆಯೊಂದೇ, ದುಡ್ಡಿನದು. ಹತ್ತಿ ಬೀಜದ ಹೊಲಕ್ಕೆ ಕೂಲಿ ಹೋಗುವಾಕೆಗೆ ಇವತ್ತಿನ ಸೂಜಿ ಇವತ್ತಿನ ಕೂಲಿಯಲ್ಲಿ ತೀರುತ್ತದೆ. ಪಂಪು ತಿಂಗಳು ತಿಂಗಳೂ ಕೈಚಾಚುತ್ತದೆ, ಅದೂ ಏದುಸಿರಿಲ್ಲದ ತಿಂಗಳಲ್ಲಿ. ಉಸಿರಲ್ಲಿ ಎಳೆಯುವ ಬುಡೆಸೊನೈಡ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆ ಪಟ್ಟಿಯಿಂದ ಆಕೆಯ ಕೈಗೆ ಅದು ಬರುವವರೆಗೆ, ಆಕೆ ಸೂಜಿಗೆ ಹೋದರೆ ನಾನು ತಪ್ಪು ಹಿಡಿಯಲಾರೆ.